ಬಫರಲ್ಲಿ ಗಟ್ಟಿ, ಕಬ್ಬಿನ ಹಾಲಲ್ಲಿ ಸುಸ್ತು: ಮ್ಯುಟೆಂಟ್ ಎಂಜೈಮ್ ಕೈಕೊಟ್ರೆ ದೋಷ ಹುಡುಕೋದು ಹೀಗೆ

ಮ್ಯುಟೆಂಟ್ ಎಂಜೈಮ್, ಅಂದ್ರೆ ಜೀನಲ್ಲಿ ಬದಲಾವಣೆ (ಮ್ಯುಟೇಶನ್) ಮಾಡಿ ತಯಾರಿಸಿದ ಎಂಜೈಮ್, ಕೈಕೊಟ್ಟಾಗ ಎಲ್ರೂ ಮಾಡೋ ಮೊದಲನೇ ಕೆಲಸ ಅಂದ್ರೆ ಕಂಪ್ಯೂಟರ್ ಮುಂದೆ ಕೂತು ಇನ್ನೊಂದು ಮ್ಯುಟೇಶನ್ ಡಿಸೈನ್ ಮಾಡೋದು. ದಯವಿಟ್ಟು ಅದನ್ನ ಕೊನೇಗಿಟ್ಕೊಳ್ಳಿ. ಮೈಸೂರಲ್ಲಿ ನಮ್ಮ ಲ್ಯಾಬಿಗೆ ಬರೋ ಪ್ರಾಜೆಕ್ಟ್ ಹುಡುಗ್ರು ಹುಡುಗೀರು "ಅಕ್ಕಾ, ಮ್ಯುಟೆಂಟು ವೈಲ್ಡ್ ಟೈಪ್‌ಗಿಂತ (ಬದಲಾಯಿಸದ ಮೂಲ ಎಂಜೈಮಿಗಿಂತ) ಸ್ಟೇಬಲ್ ಅಂತ ಬಂದಿತ್ತು, ಈಗ ನೋಡಿದ್ರೆ ಕೆಲಸಾನೇ ಮಾಡ್ತಿಲ್ಲ" ಅಂದಾಗ ನಾನು ತಿರುಗಿ ಕೇಳೋದು ಒಂದೇ ಪ್ರಶ್ನೆ: ಅದು ಯಾವ ಥರ ಸಾಯ್ತಿದೆ? ಪ್ರೋಟೀನ್ ಸರಪಳಿಯ ಮಡಿಕೆ ಬಿಚ್ಕೊಂಡು ಸಾಯ್ತಿದ್ಯಾ, ಒಂದಕ್ಕೊಂದು ಅಂಟ್ಕೊಂಡು ಗಷ್ಟಾಗ್ತಿದ್ಯಾ, ಕ್ಯಾಲ್ಸಿಯಂ ಕಳ್ಕೊಂಡು ಸಾಯ್ತಿದ್ಯಾ, ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸೋ ಎಂಜೈಮ್) ತಿಂದಾಕ್ತಿದ್ಯಾ, ಇಲ್ಲಾ ನಿಜವಾಗ್ಲೂ ಸಾಯ್ತಾನೇ ಇಲ್ವಾ, ನಮ್ಮ ಅಳತೆ ತಪ್ಪಾ? ಇದಕ್ಕೆ ಉತ್ತರ ಗೊತ್ತಿಲ್ದೇ ಮಾಡೋ ಮ್ಯುಟೇಶನ್ ಕತ್ಲಲ್ಲಿ ಕಲ್ಲು ಹೊಡ್ದಂಗೆ.

ಇಲ್ಲಿ ಉದಾಹರಣೆಗೆ ನಾನು ಹಿಡ್ಕೊಂಡಿರೋದು ಬ್ಯಾಸಿಲಸ್‌ನ ಆಲ್ಫಾ ಅಮೈಲೇಸ್, ಅಂದ್ರೆ ಪಿಷ್ಟ ಕತ್ತರಿಸೋ ಎಂಜೈಮು. ಯಾಕಂದ್ರೆ ನಮ್ಮ ಕಡೆ ಇದರ ಕೆಲಸ ಕಣ್ಣೆದುರಿಗೇ ಇದೆ. ಕೆಆರ್‌ಎಸ್ ನೀರು ಹರಿದಾಗಿಂದ ಮಂಡ್ಯ ಅಂದ್ರೆ ಕಬ್ಬು, ಆ ಕಬ್ಬಿನ ಹಾಲಲ್ಲಿ ಸಕ್ಕರೆ ಜೊತೆ ಸ್ವಲ್ಪ ಪಿಷ್ಟಾನೂ ಬರುತ್ತೆ, ಬಿಸಿ ಮಾಡಿದಾಗ ಆ ಪಿಷ್ಟ ಉಬ್ಬಿ ಗಂಜಿ ಥರ ಆಗಿ ಪಾಕ ಮಂದ ಆಗುತ್ತೆ, ಫಿಲ್ಟರ್ ಕಟ್ಕೊಳುತ್ತೆ, ಹರಳು ಸರಿಯಾಗಿ ಕಟ್ಟಲ್ಲ. ಅದಕ್ಕೆ ಕಾರ್ಖಾನೆಯೋರು ಎವಾಪೊರೇಟರ್ (ನೀರು ಆವಿ ಮಾಡೋ ಪಾತ್ರೆ) ಹತ್ರ ಅಮೈಲೇಸ್ ಹಾಕ್ತಾರೆ. ಕಬ್ಬು ಕಡಿದು ಬಹಳ ಹೊತ್ತು ಬಿಸಿಲಲ್ಲಿ ಬಿದ್ದಿದ್ರೆ ಲ್ಯೂಕನಾಸ್ಟಾಕ್ ಬ್ಯಾಕ್ಟೀರಿಯಾ ಸಕ್ಕರೇನೇ ಡೆಕ್ಸ್‌ಟ್ರಾನ್ ಅನ್ನೋ ಅಂಟು ಮಾಡ್ಬಿಡುತ್ತೆ, ಅದೂ ಇದೇ ಥರ ಪಾಕ ಮಂದ ಮಾಡುತ್ತೆ, ಅದಕ್ಕೆ ಬೇಕಿರೋದು ಡೆಕ್ಸ್‌ಟ್ರನೇಸ್, ಅಮೈಲೇಸ್ ಅಲ್ಲ. ಹಾಗಾಗಿ ಪಾಕ ಮಂದ ಆಗಿದೆ ಅಂದ ತಕ್ಷಣ ಅಮೈಲೇಸ್ ಸೋತಿದೆ ಅಂದ್ಕೋಬೇಡಿ, ಮೊದ್ಲು ಅಯೋಡಿನ್ ಹಾಕಿ ನೀಲಿ ಬರುತ್ತಾ ನೋಡಿ. ನೀಲಿ ಬರ್ಲಿಲ್ಲ, ಆದ್ರೂ ಪಾಕ ಎಳೆ ಎಳೆ ಆಗಿದೆ ಅಂದ್ರೆ ಡೆಕ್ಸ್‌ಟ್ರಾನ್ ಮೇಲೆ ಅನುಮಾನ ಪಡಿ.

ಮೊದಲು ಕ್ಲೋನ್ ನಿಮ್ದೇನಾ ನೋಡಿ

ಕ್ಲೋನ್ ಅಂದ್ರೆ ನಿಮ್ಮ ಜೀನ್ ಹೊತ್ತಿರೋ ಬ್ಯಾಕ್ಟೀರಿಯಾ. ಅದನ್ನ ನೋಡೋದು ಬೇಗ ಮುಗಿಯೋ ಭಾಗ, ಆದ್ರೆ ಬಿಡಬೇಡಿ. ಜೀನ್ ಪೂರ್ತಿ ಸೀಕ್ವೆನ್ಸ್ ಮಾಡ್ಸಿ, ಮ್ಯುಟೇಶನ್ ಮಾಡಿದ ಜಾಗದ ಸುತ್ತಮುತ್ತ ಮಾತ್ರ ನೋಡಿ ಬಿಟ್ರೆ ಪಿಸಿಆರ್ (ಡಿಎನ್ಎ ಕಾಪಿ ಮಾಡೋ ವಿಧಾನ) ಬೇರೆ ಎಲ್ಲೋ ಸೇರಿಸಿರೋ ತಪ್ಪು ಕಾಣಲ್ಲ. ಪ್ರೈಮರ್ ಹಾಕಿ ಪ್ಲಾಸ್ಮಿಡ್ (ಜೀನ್ ಹೊತ್ತಿರೋ ಡಿಎನ್ಎ ಉಂಗುರ) ಪೂರ್ತಿ ಕಾಪಿ ಮಾಡೋ ವಿಧಾನ ಆದ್ರೆ ಹಳೇ ಪ್ಲಾಸ್ಮಿಡ್ ತೆಗೆಯಕ್ಕೆ ಡಿಪಿಎನ್-1 ಅನ್ನೋ ಡಿಎನ್ಎ ಕತ್ತರಿಸೋ ಎಂಜೈಮ್ ಹಾಕಿರ್ತೀರಿ, ಅದು ಪೂರ್ತಿ ಕತ್ತರಿಸದೇ ಇದ್ರೆ ವೈಲ್ಡ್ ಟೈಪ್ ಸ್ವಲ್ಪ ಉಳ್ಕೊಂಡು ಮ್ಯುಟೆಂಟ್ ಜೊತೆ ಬೆರೆತಿರುತ್ತೆ. ಹಂಗೆ ಬೆರೆತಿದ್ರೆ ಹೀಟ್ ಟೆಸ್ಟಲ್ಲಿ ಅದು ವಿಚಿತ್ರವಾಗಿ ಕಾಣುತ್ತೆ, ಮೊದಲ ಸ್ವಲ್ಪ ಹೊತ್ತು ಆಕ್ಟಿವಿಟಿ ದಬಕ್ಕನೆ ಬೀಳುತ್ತೆ, ಆಮೇಲೆ ನಿಧಾನಕ್ಕೆ ಇಳಿಯುತ್ತೆ. ಈ ಎರಡು ಇಳಿಜಾರಿನ ಗೆರೆ ಮತ್ತೆ ಮುಂದೆ ಬರುತ್ತೆ, ನೆನಪಿಟ್ಕೊಳಿ, ಅದಕ್ಕೆ ಬೇರೆ ಕಾರಣಾನೂ ಇದೆ.

ಬೇಕಂತಲೇ ತಪ್ಪು ಮಾಡಿಸೋ ಎರರ್ ಪ್ರೋನ್ ಪಿಸಿಆರ್‌ನಿಂದ ಬಂದ ಮ್ಯುಟೆಂಟ್ ಆದ್ರೆ ಒಂದೇ ಕ್ಲೋನಲ್ಲಿ ಮೂರು ನಾಲ್ಕು ಬದಲಾವಣೆ ಇರಬಹುದು, ಅದರಲ್ಲಿ ಒಂದು ನಿಜವಾಗ್ಲೂ ಕೆಲಸ ಮಾಡಿರುತ್ತೆ, ಉಳಿದವು ಸುಮ್ನೆ ಜೊತೇಲಿ ಬಂದಿರ್ತವೆ, ಕೆಲವು ಕೆಡಿಸ್ತಾನೂ ಇರ್ತವೆ. ಒಂದೊಂದನ್ನೂ ವಾಪಸ್ ವೈಲ್ಡ್ ಟೈಪ್‌ಗೆ ತಿರುಗಿಸಿ ನೋಡಿ. ಬೇಜಾರಿನ ಕೆಲಸ, ಆದ್ರೆ ಇದನ್ನ ಮಾಡಿದೋರಿಗೇ ಗೊತ್ತು ಎಷ್ಟು ಸಲ ಕೆಡಿಸ್ತಿರೋ ಮ್ಯುಟೇಶನ್ ತೆಗೆದ ತಕ್ಷಣ ಎಂಜೈಮ್ ಎದ್ದು ನಿಲ್ಲುತ್ತೆ ಅಂತ.

ಎಷ್ಟಿದೆ ಅನ್ನೋದು ಮೊದಲು, ಹೆಂಗಿದೆ ಅನ್ನೋದು ಆಮೇಲೆ

ಪಿಷ್ಟದ ಪ್ಲೇಟಲ್ಲಿ ಅಯೋಡಿನ್ ಹಾಕಿದಾಗ ಕಾಣೋ ಬಿಳಿ ವೃತ್ತ ದೊಡ್ಡದಾಗಿದ್ರೆ ಎಂಜೈಮ್ ಜೋರಾಗಿದೆ ಅಂತ ಅಲ್ಲ. ಆ ವೃತ್ತ ಹೇಳೋದು ಕೋಶ ಎಷ್ಟು ಎಂಜೈಮ್ ಮಾಡ್ತು, ಎಷ್ಟು ಹೊರಗೆ ಬಿಡ್ತು, ಎಷ್ಟು ದೂರ ಹರಡ್ತು ಅನ್ನೋದನ್ನೆಲ್ಲಾ ಕಲಸಿದ ಒಂದು ಉತ್ತರ. ಎಂಜೈಮ್ ಒಂದೊಂದು ಮಾಲಿಕ್ಯೂಲ್ ಹಿಂದಿನಷ್ಟೇ ಕೆಲಸ ಮಾಡ್ತಿದ್ರೂ ಎಕ್ಸ್‌ಪ್ರೆಶನ್ (ಕೋಶ ಮಾಡೋ ಪ್ರಮಾಣ) ಹೆಚ್ಚಾಗಿದ್ರೆ ವೃತ್ತ ದೊಡ್ಡದು. ಇದರ ಉಲ್ಟಾನೂ ಅಷ್ಟೇ, ಒಳ್ಳೆ ಮ್ಯುಟೆಂಟ್ ಒಂದು ಇ. ಕೋಲಿ ಒಳಗೆ ಇನ್‌ಕ್ಲೂಶನ್ ಬಾಡಿ ಆಗಿ ಗಂಟು ಕಟ್ಟಿದ್ರೆ ಪ್ಲೇಟಲ್ಲಿ ಬಡವಾಗಿ ಕಾಣುತ್ತೆ.

ಅದಕ್ಕೆ ಪ್ರೋಟೀನುಗಳನ್ನ ಸೈಜಿನ ಪ್ರಕಾರ ಬೇರೆ ಮಾಡೋ ಜೆಲ್ ಓಡ್ಸಿ, ಸೆಲ್ ಒಡೆದ ಮೇಲಿನ ಒಟ್ಟು ಸ್ಯಾಂಪಲ್ ಒಂದು, ಸ್ಪಿನ್ ಮಾಡಿದ ಮೇಲಿನ ತಿಳಿ ಒಂದು, ಕೆಳಗಿನ ಗಷ್ಟು ಒಂದು, ಮೂರನ್ನೂ ಪಕ್ಕ ಪಕ್ಕ ಹಾಕಿ. ಪಟ್ಟಿ ಎಲ್ಲಾ ಗಷ್ಟಿನಲ್ಲಿದ್ರೆ ನಿಮ್ಮ ಸಮಸ್ಯೆ ಫೋಲ್ಡಿಂಗು, ಆಕ್ಟಿವಿಟಿ ಅಲ್ಲ. ಇಂಡಕ್ಷನ್ (ಕೋಶಕ್ಕೆ ಎಂಜೈಮ್ ಮಾಡು ಅನ್ನೋ ಹಂತ) ಉಷ್ಣತೆ 37ರಿಂದ 18 ಡಿಗ್ರಿಗೆ ಇಳಿಸಿ, ಅದಕ್ಕೆ ಹಾಕೋ ಐಪಿಟಿಜಿ ರಾಸಾಯನಿಕ ಕಮ್ಮಿ ಮಾಡಿ, ಮತ್ತೆ ನೋಡಿ. ಪ್ರೋಟೀನ್ ಅಳೆಯಕ್ಕೆ ಬ್ರಾಡ್‌ಫೋರ್ಡ್ ಬಣ್ಣದ ಪರೀಕ್ಷೆ ಒಂದನ್ನೇ ನಂಬ್ಕೊಂಡು ಮಿಲಿಗ್ರಾಮಿಗೆ ಇಷ್ಟು ಯುನಿಟ್ ಅಂತ ಬರೆಯೋ ಮೊದಲು ಆ ಪ್ರೋಟೀನಲ್ಲಿ ನಿಮ್ಮ ಎಂಜೈಮ್ ಎಷ್ಟು ಪಾಲು ಅಂತ ಜೆಲ್ ನೋಡಿ ತಿಳ್ಕೊಳಿ. ಇನ್ನೊಂದು ವಿಷಯ, ತುಂಬಾ ತೆಳುವಾಗಿ ಡೈಲ್ಯೂಟ್ ಮಾಡಿದ ಎಂಜೈಮ್ ಪ್ಲಾಸ್ಟಿಕ್ ಟ್ಯೂಬಿಗೇ ಅಂಟ್ಕೊಂಡು ಮಾಯ ಆಗುತ್ತೆ, ಸೊನ್ನೆ ನಿಮಿಷದ ರೀಡಿಂಗೇ ದಿನದಿಂದ ದಿನಕ್ಕೆ ಬೇರೆ ಬೇರೆ ಬರ್ತಿದ್ರೆ ಇದನ್ನ ಅನುಮಾನಿಸಿ. ಎಲ್ರೂ ಬಿಎಸ್‌ಎ (ಹಸುವಿನ ರಕ್ತದ ಒಂದು ಪ್ರೋಟೀನ್) ಹಾಕಿ ಅಂತಾರೆ, ತಣ್ಣಗಿನ ಕೆಲಸಕ್ಕೆ ಸರಿ, ಆದ್ರೆ 80 ಡಿಗ್ರಿ ಹೀಟ್ ಟೆಸ್ಟಲ್ಲಿ ಬಿಎಸ್‌ಎ ತಾನೇ ಬೆಂದು ಗಷ್ಟಾಗುತ್ತೆ, ಅಲ್ಲಿ ಚೂರು ಟ್ರೈಟಾನ್ ಡಿಟರ್ಜೆಂಟ್ ಹಾಕೋದು ವಾಸಿ.

ಅಸ್ಸೇ ಸುಳ್ಳು ಹೇಳ್ತಿದ್ಯಾ

ಅಸ್ಸೇ ಅಂದ್ರೆ ಎಂಜೈಮಿನ ಕೆಲಸ ಅಳೆಯೋ ಪರೀಕ್ಷೆ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ದೂರು ಇಲ್ಲೇ ಬಗೆಹರಿಯುತ್ತೆ.

ಉದಾಹರಣೆಗೆ ಟ್ರಿಸ್ ಬಫರ್ ನೋಡಿ (ಬಫರ್ ಅಂದ್ರೆ ಪಿಎಚ್ ಸ್ಥಿರವಾಗಿಡೋ ದ್ರಾವಣ). 25 ಡಿಗ್ರೀಲಿ ಪಿಎಚ್ 8ಕ್ಕೆ ಸೆಟ್ ಮಾಡಿ ಇಟ್ಟಿದೀರಿ, ಅದನ್ನ 80 ಡಿಗ್ರಿಗೆ ಏರಿಸಿದ್ರೆ ಪ್ರತಿ ಡಿಗ್ರಿಗೆ ಸುಮಾರು 0.028ರಷ್ಟು ಇಳೀತಾ ಇಳೀತಾ ಪಿಎಚ್ 6.5ರ ಹತ್ರ ಬಂದಿರುತ್ತೆ. ಅಂದ್ರೆ ನೀವು ಉಷ್ಣತೆ ಪರೀಕ್ಷೆ ಮಾಡ್ತಿದೀನಿ ಅಂದ್ಕೊಂಡು ಪಿಎಚ್ ಪರೀಕ್ಷೆ ಮಾಡ್ತಿದೀರಿ. ಹಂಗಂತ ಫಾಸ್ಫೇಟ್‌ಗೆ ಓಡೋಗ್ಬೇಡಿ, ಫಾಸ್ಫೇಟ್ ಪಿಎಚ್ ಅಷ್ಟಾಗಿ ಅಲ್ಲಾಡಲ್ಲ ನಿಜ, ಆದ್ರೆ ಅದು ಕ್ಯಾಲ್ಸಿಯಂನ ಹಿಡಿದು ಕೆಳಗೆ ಕೂರಿಸುತ್ತೆ, ಅಮೈಲೇಸ್‌ಗೆ ಕ್ಯಾಲ್ಸಿಯಂ ಇಲ್ದಿದ್ರೆ ಉಸಿರೇ ಇಲ್ಲ. ಹೆಪಿಸ್ ಅಥವಾ ಮಾಪ್ಸ್ ತಗೊಳಿ, ಕಬ್ಬಿನ ಹಾಲಿನ ಥರ ಪಿಎಚ್ 5ರ ಮೇಲಿನ ಜಾಗಕ್ಕೆ ಅಸಿಟೇಟ್ ಸರಿಹೋಗುತ್ತೆ, ಎಲ್ಲಕ್ಕಿಂತ ಮುಖ್ಯ ಅಂದ್ರೆ ಯಾವ ಉಷ್ಣತೇಲಿ ಕೆಲಸ ಮಾಡ್ತೀರೋ ಆ ಉಷ್ಣತೇಲೇ ಪಿಎಚ್ ನೋಡಿ.

ಆಮೇಲೆ ನಮ್ಮೂರಿನ ಎತ್ತರ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ, ಇಲ್ಲಿ ನೀರು ಕುದಿಯೋದು 100ಕ್ಕಲ್ಲ, 97 ಚಿಲ್ಲರೆ ಡಿಗ್ರಿಗೆ. ಕುದಿಯೋ ನೀರಿನ ಬಾತಲ್ಲಿ ಟ್ಯೂಬ್ ಮುಳುಗಿಸಿ "100 ಡಿಗ್ರೀಲಿ ಇಷ್ಟು ನಿಮಿಷ ತಡೀತು" ಅಂತ ಬರೆದು, ಎಲ್ಲೋ ಸಮುದ್ರದ ಪಕ್ಕದ ಊರಿನ ಪೇಪರ್ ಜೊತೆ ಹೋಲಿಸ್ತೀರಿ. ಎಂಜೈಮ್ ಸಾಯೋ ವೇಗ ಉಷ್ಣತೆಗೆ ವಿಪರೀತ ಸೂಕ್ಷ್ಮ, ಎಷ್ಟೋ ಎಂಜೈಮಿಗೆ ಎರಡು ಮೂರು ಡಿಗ್ರಿ ವ್ಯತ್ಯಾಸಕ್ಕೇ ಅರ್ಧಾಯುಷ್ಯ (ಆಕ್ಟಿವಿಟಿ ಅರ್ಧಕ್ಕಿಳಿಯೋ ಸಮಯ) ಹೆಚ್ಚುಕಮ್ಮಿ ಎರಡರಷ್ಟಾಗಬಹುದು. ಆ ಹೆಚ್ಚಾದ ಆಯುಷ್ಯ ನಿಮ್ಮ ಮ್ಯುಟೇಶನ್ ಕೊಟ್ಟಿದ್ದಾ ಚಾಮುಂಡಿ ಬೆಟ್ಟದ ಪಕ್ಕ ಇರೋದ್ರಿಂದ ಬಂದಿದ್ದಾ ಅಂತ ತಿಳಿಯಕ್ಕೆ ಒಂದೇ ದಾರಿ, ಅದೇ ಬಾತಲ್ಲಿ ಅದೇ ದಿನ ವೈಲ್ಡ್ ಟೈಪ್‌ನೂ ಪಕ್ಕದಲ್ಲೇ ಇಡೋದು. ಥರ್ಮಾಮೀಟರ್ ಬಾತಿಗೆ ಹಾಕ್ಬೇಡಿ, ಅದೇ ಸೈಜಿನ ಟ್ಯೂಬಿಗೆ ಅಷ್ಟೇ ನೀರು ಹಾಕಿ ಅದರೊಳಗೆ ತೆಳ್ಳನೆ ಪ್ರೋಬ್ ಇಟ್ಟು ನೋಡಿ, ಟ್ಯೂಬ್ ಒಳಗಿನ ದ್ರವ ಬಿಸಿ ಆಗಕ್ಕೆ ಒಂದೆರಡು ನಿಮಿಷ ಹಿಡಿಯುತ್ತೆ, ಅರ್ಧಾಯುಷ್ಯ ಐದು ನಿಮಿಷ ಇರೋ ಎಂಜೈಮಿಗೆ ಅದು ಸಣ್ಣ ವಿಷಯ ಅಲ್ಲ.

"ಆಪ್ಟಿಮಮ್ ಉಷ್ಣತೆ 75ರಿಂದ 85ಕ್ಕೆ ಏರಿದೆ" ಅನ್ನೋ ಮಾತನ್ನೂ ಹುಷಾರಾಗಿ ಕೇಳ್ಬೇಕು. ಆ ಸಂಖ್ಯೆ ನೀವು ಎಷ್ಟು ನಿಮಿಷ ಅಸ್ಸೇ ಮಾಡಿದ್ರಿ ಅನ್ನೋದರ ಮೇಲೆ ನಿಂತಿದೆ. ಎರಡು ನಿಮಿಷ ಮಾಡಿದ್ರೆ ಎಂಜೈಮ್ ಸಾಯೋ ಮೊದಲೇ ಅಳೆದಿರ್ತೀರಿ, ಆಪ್ಟಿಮಮ್ ಮೇಲೆ ಹೋಗುತ್ತೆ, ಅರ್ಧ ಗಂಟೆ ಮಾಡಿದ್ರೆ ಕೆಳಗೆ ಬರುತ್ತೆ. ಒಂದೇ ಪಾಯಿಂಟ್ ತಗೋಬೇಡಿ, ಪ್ರತಿ ಉಷ್ಣತೇಲೂ ನಾಲ್ಕೈದು ಸಮಯದಲ್ಲಿ ತೆಗೆದು ಗೆರೆ ನೆಟ್ಟಗಿದ್ಯಾ ಬಾಗ್ತಿದ್ಯಾ ನೋಡಿ, ಬಾಗ್ತಿದ್ರೆ ಶುರುವಿನ ಇಳಿಜಾರು ಆಕ್ಟಿವಿಟಿ ಹೇಳುತ್ತೆ, ಬಾಗೋ ರೀತಿ ಸ್ಟೆಬಿಲಿಟಿ ಹೇಳುತ್ತೆ. ಬಾಗಿದ್ದಕ್ಕೆ ಪಿಷ್ಟ ಖಾಲಿ ಆಗಿದ್ದೂ ಕಾರಣ ಇರಬಹುದು, ಹಾಗಾಗಿ ಕೊನೇಲಿ ಇನ್ನೊಂಚೂರು ಪಿಷ್ಟ ಹಾಕಿ ವೇಗ ವಾಪಸ್ ಬರುತ್ತಾ ನೋಡಿ. ಬಂದ್ರೆ ಎಂಜೈಮ್ ಬದುಕಿದೆ.

ಈಗ ಅಸಲಿ ಪ್ರಶ್ನೆ, ಹೆಂಗೆ ಸಾಯ್ತಿದೆ

ಸ್ಟೆಬಿಲಿಟಿ ಅಂತ ನಾವು ಒಂದೇ ಪದ ಬಳಸಿದ್ರೂ ಒಳಗೆ ಎರಡು ಬೇರೆ ವಿಷಯ ಇದೆ. ಒಂದು, ಮಡಿಸಿಕೊಂಡ ಸ್ಥಿತಿಗೂ ಬಿಚ್ಕೊಂಡ ಸ್ಥಿತಿಗೂ ಮಧ್ಯೆ ಇರೋ ಶಕ್ತಿಯ ಅಂತರ, ಸಾಮಾನ್ಯ ಪ್ರೋಟೀನಿಗೆ ಅದು ಮೋಲಿಗೆ 5ರಿಂದ 15 ಕಿಲೊಕ್ಯಾಲರಿ ಅಷ್ಟೇ, ತುಂಬಾ ಕಮ್ಮಿ. ಇನ್ನೊಂದು, ಬಿಚ್ಕೊಳಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ ಮತ್ತೆ ಬಿಚ್ಕೊಂಡ ಮೇಲೆ ವಾಪಸ್ ಬರೋ ಹಂಗಿದ್ಯಾ ಅನ್ನೋದು. ಕಾರ್ಖಾನೆಗೆ ಬೇಕಿರೋದು ಈ ಎರಡನೇದು. ಬೆಂದ ಮೊಟ್ಟೆ ಆರಿದ ಮೇಲೆ ಹಸಿ ಆಗಲ್ವಲ್ಲ, ಬ್ಯಾಸಿಲಸ್ ಅಮೈಲೇಸ್‌ಗಳೂ ಬಿಸಿಗೆ ಬಿಚ್ಕೊಂಡ್ರೆ ಸಾಮಾನ್ಯವಾಗಿ ವಾಪಸ್ ಬರಲ್ಲ. ಆದ್ರೆ ಎಲ್ಲಾ ಎಂಜೈಮೂ ಹಂಗಲ್ಲ. ಕೆಲವು ತಣ್ಣಗಾದ್ರೆ ಮತ್ತೆ ಮಡಿಸ್ಕೊಂಡು ಎದ್ದು ಕೂರ್ತವೆ. ನೀವು ಬಿಸಿ ಮಾಡಿ, ಐಸಲ್ಲಿಟ್ಟು, ಆಮೇಲೆ 40 ಡಿಗ್ರೀಲಿ ಉಳಿದ ಆಕ್ಟಿವಿಟಿ ಅಳೆದ್ರೆ ಅಂಥ ಎಂಜೈಮ್ "90 ಡಿಗ್ರಿ ತಡೀತು" ಅಂತ ಕಾಣುತ್ತೆ, ನಿಜವಾಗಿ 90ರಲ್ಲಿ ಅದು ಬಿಚ್ಕೊಂಡು ಬಿದ್ದಿತ್ತು, ಅಲ್ಲಿ ಒಂದು ಪಿಷ್ಟಾನೂ ಕತ್ತರಿಸ್ತಿರ್ಲಿಲ್ಲ. ಇದನ್ನ ಹಿಡಿಯೋದು ಸುಲಭ, ಆರಿಸಿ ಅಳೆಯೋದರ ಜೊತೆಗೆ ಅದೇ ಬಿಸಿಯಲ್ಲೇ ಒಂದು ಅಸ್ಸೇ ಮಾಡಿ, ಎರಡೂ ಒಂದೇ ಕಥೆ ಹೇಳ್ಬೇಕು.

ಡಿಎಸ್‌ಎಫ್, ಅಂದ್ರೆ ಬಿಚ್ಕೊಂಡ ಪ್ರೋಟೀನಿಗೆ ಅಂಟಿ ಹೊಳೆಯೋ ಸೈಪ್ರೊ ಆರೆಂಜ್ ಬಣ್ಣ ಹಾಕಿ ರಿಯಲ್ ಟೈಮ್ ಪಿಸಿಆರ್ ಮೆಷಿನಲ್ಲಿ ಟಿಎಂ (ಅರ್ಧ ಪ್ರೋಟೀನ್ ಬಿಚ್ಕೊಳೋ ಉಷ್ಣತೆ) ನೋಡೋದು, ಬೇಗ ಆಗುತ್ತೆ ಅಂತ ಎಲ್ರೂ ಅದನ್ನೇ ಮಾಡ್ತಾರೆ. ಒಳ್ಳೇದೇ. ಆದ್ರೆ ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಅಮೈಲೇಸ್ ಥರದ ಗಟ್ಟಿ ಎಂಜೈಮ್ ಮೆಷಿನ್ ನಿಲ್ಲೋ 95 ಡಿಗ್ರಿ ತನಕ ಬಿಚ್ಕೊಳ್ದೇ ಇರಬಹುದು, ಆಗ ಗೆರೆ ಚಪ್ಪಟೆ ಬರುತ್ತೆ, ಪ್ರೋಟೀನೇ ಇಲ್ಲ ಅಂತ ಅಂದ್ಕೋತೀರಿ. ಶುರುವಲ್ಲೇ ಹೊಳಪು ಜಾಸ್ತಿ ಇದ್ರೆ ಪ್ರೋಟೀನ್ ಮೊದಲೇ ಅರ್ಧ ಬಿಚ್ಕೊಂಡಿದೆ ಇಲ್ಲಾ ಗಂಟು ಕಟ್ಟಿದೆ, ಅಥವಾ ಬಫರಲ್ಲಿ ಡಿಟರ್ಜೆಂಟ್ ಇದೆ. ವಾಪಸ್ ಬಾರದ ಎಂಜೈಮ್‌ಗೆ ಟಿಎಂ ಅನ್ನೋದು ನೀವು ನಿಮಿಷಕ್ಕೆ ಎಷ್ಟು ಡಿಗ್ರಿ ಏರಿಸ್ತೀರಿ ಅನ್ನೋದರ ಜೊತೆ ಬದಲಾಗುತ್ತೆ, ಹಾಗಾಗಿ ಬೇರೆ ಲ್ಯಾಬಿನ ಟಿಎಂ ಜೊತೆ ನಿಮ್ಮದನ್ನ ಹೋಲಿಸೋ ಮೊದಲು ಏರಿಸೋ ವೇಗ ಒಂದೇನಾ ನೋಡಿ. ನಾನಂತೂ ಅರ್ಧಾಯುಷ್ಯದ ಗೆರೇನೇ ನಂಬೋದು.

ಆ ಗೆರೆ ಎಳೆಯೋದು ಹೀಗೆ: ಉಳಿದ ಆಕ್ಟಿವಿಟಿಯ ಸಹಜ ಲಾಗ್ (ln) ಒಂದು ಕಡೆ, ಸಮಯ ಒಂದು ಕಡೆ. ನೆಟ್ಟಗಿದ್ರೆ ಸಾವಿಗೆ ಒಂದೇ ದಾರಿ ಇದೆ, 0.693ನ್ನ ಇಳಿಜಾರಿಂದ ಭಾಗಿಸಿದ್ರೆ ಅರ್ಧಾಯುಷ್ಯ ಸಿಗುತ್ತೆ. ಎರಡು ಇಳಿಜಾರಿದ್ರೆ ನಿಮ್ಮ ಟ್ಯೂಬಲ್ಲಿ ಎರಡು ಥರದ ಎಂಜೈಮ್ ಇದೆ. ವೈಲ್ಡ್ ಟೈಪ್ ಬೆರೆತಿರೋದು ಒಂದು ಕಾರಣ ಅಂತ ಮೇಲೆ ಹೇಳ್ದೆ, ಇನ್ನೊಂದು ದೊಡ್ಡ ಕಾರಣ ಕ್ಯಾಲ್ಸಿಯಂ. ಲೈಕೆನಿಫಾರ್ಮಿಸ್ ಅಮೈಲೇಸ್‌ನಲ್ಲಿ ಎ ಮತ್ತು ಬಿ ಡೊಮೈನ್ (ಪ್ರೋಟೀನಿನ ಭಾಗ) ಮಧ್ಯೆ ಕ್ಯಾಲ್ಸಿಯಂ, ಸೋಡಿಯಂ, ಕ್ಯಾಲ್ಸಿಯಂ ಅಂತ ಮೂರು ಅಯಾನ್ ಸಾಲಾಗಿ ಕೂತಿರ್ತವೆ, ಅದು ಹೋದ್ರೆ ರಚನೆ ಸಡಿಲ. ಎಂಜೈಮ್ ಶುದ್ಧ ಮಾಡೋ ನಿಕಲ್ ಕಾಲಮ್ ಆದ ಮೇಲೆ ಕ್ಯಾಲ್ಸಿಯಂ ಕಿತ್ಕೊಳೋ ಇಡಿಟಿಎ ಹಾಕಿದ್ರಾ? ಪ್ರೋಟಿಯೇಸ್ ಇನ್ಹಿಬಿಟರ್ ಮಿಶ್ರಣ ಹಾಕಿದ್ರಾ, ಅದರಲ್ಲಿ ಇಡಿಟಿಎ ಇದ್ಯಾ? ಅರ್ಧ ಎಂಜೈಮಿಗೆ ಕ್ಯಾಲ್ಸಿಯಂ ಇದೆ ಅರ್ಧಕ್ಕೆ ಇಲ್ಲ ಅಂದ್ರೆ ಗೆರೆ ಎರಡು ಇಳಿಜಾರಾಗುತ್ತೆ. ಒಂದೇ ಸ್ಯಾಂಪಲ್ ಎರಡು ಭಾಗ ಮಾಡಿ, ಒಂದಕ್ಕೆ 5 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್, ಇನ್ನೊಂದಕ್ಕೆ ಅಷ್ಟೇ ಇಡಿಟಿಎ ಹಾಕಿ ಬಿಸಿಗಿಡಿ. ಕ್ಯಾಲ್ಸಿಯಂ ಹಾಕಿದ ಕಡೆ ಮ್ಯುಟೆಂಟೂ ವೈಲ್ಡ್ ಟೈಪೂ ಎರಡೂ ಚೆನ್ನಾಗಿ ನಿಂತ್ರೆ ನಿಮ್ಮ ಮ್ಯುಟೇಶನ್ನಿಗೆ ದೋಷ ಇಲ್ಲ, ತಯಾರಿಯಲ್ಲಿ ಕ್ಯಾಲ್ಸಿಯಂ ಹೋಗಿದೆ ಅಷ್ಟೇ. ಮ್ಯುಟೆಂಟ್ ಮಾತ್ರ ಎದ್ದು ನಿಲ್ಲಕ್ಕೆ ಜಾಸ್ತಿ ಕ್ಯಾಲ್ಸಿಯಂ ಕೇಳಿದ್ರೆ ಮ್ಯುಟೇಶನ್ ಆ ಜಾಗದ ಹಿಡಿತ ಸಡಿಲ ಮಾಡಿದೆ.

ಗಂಟು ಕಟ್ತಿದ್ಯಾ ಅಂತ ನೋಡಕ್ಕೆ ಪ್ರೋಟೀನ್ ಸಾಂದ್ರತೆ ಹತ್ತು ಪಟ್ಟು ಬದಲಾಯಿಸಿ. ಬಿಚ್ಕೊಂಡು ತನ್ನಷ್ಟಕ್ಕೆ ಸಾಯೋ ಎಂಜೈಮ್‌ಗೆ ಸಾಂದ್ರತೆ ಗೊತ್ತಾಗಲ್ಲ, ಅರ್ಧಾಯುಷ್ಯ ಅಷ್ಟೇ ಇರುತ್ತೆ. ಅಂಟ್ಕೊಂಡು ಸಾಯೋದು ಸಾಂದ್ರತೆ ಹೆಚ್ಚಾದಷ್ಟೂ ಬೇಗ ಸಾಯುತ್ತೆ, ಟ್ಯೂಬ್ ಸ್ಪಿನ್ ಮಾಡಿದ್ರೆ ತಳದಲ್ಲಿ ಬಿಳಿ ಚುಕ್ಕೆ ಕಾಣುತ್ತೆ. ಎರಡಕ್ಕೂ ಔಷಧಿ ಬೇರೆ. ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ ಬೆಳೆಸಿ ಹೊರಗಿನ ದ್ರವಾನೇ ಬಳಸ್ತಿದ್ರೆ ಅದರಲ್ಲಿ ಸಬ್ಟಿಲಿಸಿನ್ ಪ್ರೋಟಿಯೇಸ್ ಇರುತ್ತೆ, ಫ್ರಿಜ್ಜಲ್ಲಿ ಇಟ್ರೂ ದಿನೇ ದಿನೇ ಕಮ್ಮಿ ಆಗ್ತಿದೆ ಅಂದ್ರೆ ಪ್ರೋಟಿಯೇಸ್ ತಡೆಯೋ ಪಿಎಂಎಸ್‌ಎಫ್ ಹಾಕಿದ ಟ್ಯೂಬ್ ಒಂದು ಪಕ್ಕದಲ್ಲಿಟ್ಟು ನೋಡಿ, ಇಡಿಟಿಎ ಇರೋ ಮಿಶ್ರಣ ಮಾತ್ರ ಬೇಡ, ಕಾರಣ ಮೇಲೇ ಇದೆ.

ಕೊನೇ ಥರದ ಸಾವು ರಾಸಾಯನಿಕ. ಮಡಿಕೆ ಬಿಗಿಯಾಗೇ ಇರುತ್ತೆ, ಒಳಗಿನ ಅಮೈನೊ ಆಮ್ಲವೇ ಬದಲಾಗುತ್ತೆ. ಆಸ್ಪರಜಿನ್ ಬಿಸಿಯಲ್ಲಿ ಅಮೋನಿಯಾ ಬಿಟ್ಟು ಆಸ್ಪಾರ್ಟೇಟ್ ಆಗೋದು, ಮೆಥಿಯೋನಿನ್ ಆಕ್ಸಿಡೈಸ್ ಆಗೋದು. ಟೊಮಾಜಿಕ್ ಮತ್ತು ಕ್ಲಿಬನೋವ್ ಅನ್ನೋ ವಿಜ್ಞಾನಿಗಳು 1988ರಲ್ಲೇ ಬ್ಯಾಸಿಲಸ್ ಅಮೈಲೇಸ್‌ಗಳನ್ನ ಪಕ್ಕ ಪಕ್ಕ ಇಟ್ಟು ನೋಡಿದ್ರು: ಕಮ್ಮಿ ಗಟ್ಟಿ ಇರೋ ಅಮೈಲೊಲಿಕ್ವಿಫೇಸಿಯನ್ಸ್ ಎಂಜೈಮ್ ತಪ್ಪು ತಪ್ಪಾಗಿ ಮಡಿಸ್ಕೊಂಡು ಸಾಯುತ್ತೆ, ಗಟ್ಟಿ ಇರೋ ಲೈಕೆನಿಫಾರ್ಮಿಸ್ ಎಂಜೈಮ್ ಅದನ್ನ ತಡ್ಕೊಂಡು ಕೊನೆಗೆ ಈ ಅಮೋನಿಯಾ ಬಿಡೋ ಕ್ರಿಯೆಗೆ ಸೋಲುತ್ತೆ. ಹತ್ತಿರದ ನೆಂಟ ಎಂಜೈಮ್‌ಗಳೇ ಸಾಯೋ ದಾರಿ ಬೇರೆ ಬೇರೆ. ಮೊದಲನೇದಕ್ಕೆ ಮಡಿಕೆ ಬಿಗಿ ಮಾಡಿದ್ರೆ ಲಾಭ, ಎರಡನೇದಕ್ಕೆ ಆಸ್ಪರಜಿನ್ ತೆಗೆದ್ರೆ ಲಾಭ. ಲೈಕೆನಿಫಾರ್ಮಿಸ್ ಅಮೈಲೇಸ್‌ನಲ್ಲಿ ಆಮೇಲೆ ಗೆದ್ದ ಮ್ಯುಟೇಶನ್‌ಗಳಲ್ಲಿ 190ನೇ ಆಸ್ಪರಜಿನ್ ಬದಲು ಫಿನೈಲ್ ಅಲನಿನ್, 133ನೇ ಹಿಸ್ಟಿಡಿನ್ ಬದಲು ವ್ಯಾಲಿನ್, 209ನೇ ಅಲನಿನ್ ಬದಲು ವ್ಯಾಲಿನ್ ಸೇರಿದಾವೆ. ನೀರು ಇಷ್ಟಪಡದ ಅಮೈನೊ ಆಮ್ಲನ ಮೇಲ್ಮೈಗೆ ತರಬಾರದು ಅಂತ ಪುಸ್ತಕದಲ್ಲಿ ಓದಿರ್ತೀವಿ, ಇಲ್ಲಿ ಅದೇ ಬಿಚ್ಕೊಳೋ ವೇಗ ತಗ್ಗಿಸ್ತು. ಇದನ್ನ ಓದಿದಾಗೆಲ್ಲ ನನಗೆ ಖುಷಿ ಆಗುತ್ತೆ.

ಡೈಸಲ್ಫೈಡ್ ಹಾಕಿದ್ರೆ ಇದನ್ನೂ ನೋಡಿ

ಎರಡು ಸಿಸ್ಟೀನ್ (ಗಂಧಕ ಇರೋ ಅಮೈನೊ ಆಮ್ಲ) ಹಾಕಿ ಡೈಸಲ್ಫೈಡ್ ಸೇತುವೆ ಕಟ್ಟೋದು ಎಲ್ರಿಗೂ ಪ್ರೀತಿ. ಪ್ಲಾಸ್ಟಿಕ್ ಒಡೆಯೋ ಕ್ಯುಟಿನೇಸ್ ಎಂಜೈಮ್ ಎಲ್‌ಸಿಸಿಯಲ್ಲಿ 2020ರಲ್ಲಿ ಬಂದ ಕೆಲಸ ಒಳ್ಳೆ ಮಾದರಿ, ಅಲ್ಲಿ ಲೋಹದ ಅಯಾನ್ ಕೂರೋ ಜಾಗದಲ್ಲೇ 238 ಮತ್ತು 283ರಲ್ಲಿ ಸಿಸ್ಟೀನ್ ಹಾಕಿ ಸೇತುವೆ ಕಟ್ಟಿದ್ರು, ಕ್ಯಾಲ್ಸಿಯಂನ ಹಂಗೇ ಬೇಡ ಅನ್ನೋ ಥರ ಎಂಜೈಮ್ ಗಟ್ಟಿ ಆಯ್ತು. ಅದರಿಂದ ಕಳೆದ ಸ್ವಲ್ಪ ಆಕ್ಟಿವಿಟೀನ ಆಕ್ಟಿವ್ ಸೈಟ್ ಹತ್ರದ ಇನ್ನೊಂದು ಮ್ಯುಟೇಶನ್ನಿಂದ ವಾಪಸ್ ತಂದ್ರು. ಆದ್ರೆ ನಿಮ್ಮ ಸೇತುವೆ ನಿಜವಾಗ್ಲೂ ಕಟ್ಕೊಂಡಿದ್ಯಾ? ಇ. ಕೋಲಿ ಒಳಗಿನ ವಾತಾವರಣ ಸೇತುವೆ ಕಟ್ಟಕ್ಕೆ ಬಿಡಲ್ಲ, ಕೋಶದ ಎರಡು ಪೊರೆ ಮಧ್ಯದ ಪೆರಿಪ್ಲಾಸಂಗೆ ಕಳಿಸ್ಬೇಕು ಇಲ್ಲಾ ಅದಕ್ಕೇ ಅಂತ ಮಾಡಿದ ಸ್ಟ್ರೈನ್ ಬಳಸ್ಬೇಕು. ಸೇತುವೆ ಮುರಿಯೋ ಡಿಟಿಟಿ ಹಾಕಿದ ಟ್ಯೂಬೂ ಹಾಕದ ಟ್ಯೂಬೂ ಒಂದೇ ವೇಗದಲ್ಲಿ ಸತ್ರೆ ಅಲ್ಲಿ ಸೇತುವೆನೇ ಇಲ್ಲ, ಇದ್ರೂ ಅದರಿಂದ ಉಪಯೋಗ ಆಗಿಲ್ಲ. ಎಲ್‌ಮನ್ ರೀಏಜೆಂಟ್ ಹಾಕಿ 412 ನ್ಯಾನೊಮೀಟರ್ ಬೆಳಕಲ್ಲಿ ನೋಡಿದ್ರೆ ಬಿಡಿಯಾಗಿ ಉಳಿದಿರೋ ಸಿಸ್ಟೀನ್ ಎಷ್ಟಿದೆ ಅಂತ ಗೊತ್ತಾಗುತ್ತೆ.

ಇಷ್ಟೆಲ್ಲಾ ಆದ ಮೇಲೂ ಆಕ್ಟಿವಿಟಿ ಕಮ್ಮಿನೇ ಅಂದ್ರೆ ಆಗ ಮ್ಯುಟೇಶನ್ ಮೇಲೆ ತಪ್ಪು ಹೊರಿಸಬಹುದು. ಆಕ್ಟಿವ್ ಸೈಟ್ ಸುತ್ತ ಬಿಗಿ ಮಾಡಿದ್ರೆ ಎಂಜೈಮ್ ಬಾಗಿ ಬಳುಕೋ ಶಕ್ತಿ ಕಳ್ಕೊಳುತ್ತೆ. ಹಂಗಂತ ಸ್ಟೆಬಿಲಿಟಿ ಬೇಕಂದ್ರೆ ಆಕ್ಟಿವಿಟಿ ಬಿಡ್ಲೇಬೇಕು ಅನ್ನೋ ಮಾತನ್ನ ನಾನು ಒಪ್ಪಲ್ಲ. ವಿಜ್ಞಾನಿ ಫ್ರಾನ್ಸಿಸ್ ಅರ್ನಾಲ್ಡ್ 1993ರಲ್ಲಿ ಸಬ್ಟಿಲಿಸಿನ್ ಇ ಎಂಜೈಮನ್ನ 60 ಪರ್ಸೆಂಟ್ ಡೈಮಿಥೈಲ್ ಫಾರ್ಮಮೈಡ್ ದ್ರಾವಣದಲ್ಲಿ 256 ಪಟ್ಟು ಚುರುಕು ಮಾಡಿ ತೋರಿಸಿದ್ರು, ಮತ್ತೆ ಮತ್ತೆ ಮ್ಯುಟೇಶನ್ ಮಾಡಿ ಒಳ್ಳೇದನ್ನ ಆರಿಸೋ ಅದೇ ದಾರಿಗೆ 2018ರಲ್ಲಿ ನೊಬೆಲ್ ಬಂತು. ಎರಡನ್ನೂ ಒಟ್ಟಿಗೆ ಸ್ಕ್ರೀನ್ ಮಾಡಿದ್ರೆ (ಪರೀಕ್ಷಿಸಿ ಆರಿಸಿದ್ರೆ) ಎರಡೂ ಸಿಗ್ತವೆ. ಬರೀ ಬಿಸಿಗೆ ಸ್ಕ್ರೀನ್ ಮಾಡಿದ್ರೆ ಬಿಸಿ ತಡೆಯೋದು ಮಾತ್ರ ಸಿಗುತ್ತೆ. ಸ್ಟೆಬಿಲಿಟಿ ಸ್ವಲ್ಪ ಹೆಚ್ಚುವರಿ ಕೂಡಿಟ್ಕೊಂಡಿರೋ ಎಂಜೈಮು ಹೊಸ ಆಕ್ಟಿವಿಟಿ ತರೋ ಮ್ಯುಟೇಶನ್‌ಗಳನ್ನ ಸುಲಭವಾಗಿ ತಡ್ಕೊಳುತ್ತೆ, ಹಾಗಾಗಿ ಮೊದಲು ಗಟ್ಟಿ ಮಾಡಿ ಆಮೇಲೆ ಚುರುಕು ಮಾಡೋ ಕ್ರಮ ನನಗಿಷ್ಟ.

ಕಬ್ಬಿನ ಹಾಲಲ್ಲಿ ಮಾತ್ರ ಸೋತ್ರೆ

ಮಂಡ್ಯ ಕಡೆಯ ಒಂದು ಕಾರ್ಖಾನೆಯ ಲ್ಯಾಬಲ್ಲಿ ಇರೋ ಹಿರಿಯರೊಬ್ರು ಫೋನ್ ಮಾಡಿ "ಮೇಡಂ, ನಿಮ್ ಎಂಜೈಮು ಬಾಟ್ಲಿಲಿ ಇರೋಗಂಟ ಕೆಲ್ಸ ಮಾಡ್ತದೆ, ಪಾಕಕ್ಕಾಕುದ್ರೆ ಮಾಡಾಕಿಲ್ಲ ಅಂತದೆ" ಅಂದ್ರು. "ಯಾವ ಟೆಸ್ಟ್ ಮಾಡಿದ್ರಿ ಸಾರ್?" ಅಂದೆ. "ಡಿಎನ್‌ಎಸ್ಸೇ ಮೇಡಂ, ಇನ್ನೇನ್ ಮಾಡದು, ಬ್ಲ್ಯಾಂಕೇ ಕಪ್ಗಾಗೋಯ್ತದೆ." ಆ ಮಾತಲ್ಲೇ ಉತ್ತರ ಇತ್ತು. ಡಿಎನ್‌ಎಸ್ ಬಣ್ಣ ಕೊಡೋದು ರೆಡ್ಯೂಸಿಂಗ್ ಸಕ್ಕರೆಗೆ, ಕಬ್ಬಿನ ಹಾಲಲ್ಲಿ ಗ್ಲೂಕೋಸು ಫ್ರಕ್ಟೋಸು ಮೊದಲೇ ತುಂಬ್ಕೊಂಡಿದೆ, ಬಿಸಿಗೆ ಸುಕ್ರೋಸೂ ಒಂಚೂರು ಒಡೆದು ಇನ್ನಷ್ಟು ಸೇರುತ್ತೆ, ಎಂಜೈಮ್ ಪಿಷ್ಟದಿಂದ ಬಿಡೋ ಚಿಟಿಕೆ ಸಕ್ಕರೆ ಅದರೊಳಗೆ ಮುಳುಗೋಗುತ್ತೆ. ಅಂಥ ಕಡೆ ಅಯೋಡಿನ್ ಹಾಕಿ ಪಿಷ್ಟ ಎಷ್ಟು ಉಳ್ದಿದೆ ಅಂತ ನೋಡ್ಬೇಕು, ಅಥವಾ ಬಣ್ಣ ಕಟ್ಟಿದ ಪಿಷ್ಟ ಹಾಕಿ ಬಿಡುಗಡೆ ಆದ ಬಣ್ಣ ಅಳೀಬೇಕು. ಅಯೋಡಿನ್ ಪರೀಕ್ಷೇಲಿ ಪಿಷ್ಟ ಇಳಿದಿದ್ದು ಕಾಣಿಸ್ತು, ಆದ್ರೆ ನಮ್ಮ ಬಫರಿನಷ್ಟು ಬೇಗ ಅಲ್ಲ.

ಆ ನಿಧಾನಕ್ಕೆ ಕಾರಣ ಪಾಕದಲ್ಲೇ ಇದೆ. ಕೊನೇ ಎವಾಪೊರೇಟರ್ ಹತ್ರ ಬಂದಾಗ ಪಾಕ 60 ಬ್ರಿಕ್ಸ್ (ನೂರರಲ್ಲಿ 60 ಪಾಲು ಕರಗಿದ ಸಕ್ಕರೆ) ದಾಟಿರುತ್ತೆ, ಅಷ್ಟು ಸಕ್ಕರೇಲಿ ನೀರು ಕಮ್ಮಿ, ದ್ರವ ಮಂದ, ಎಂಜೈಮೂ ಪಿಷ್ಟಾನೂ ಒಂದಕ್ಕೊಂದು ಸಿಕ್ಕೋದೇ ನಿಧಾನ. ಅದೇ ಸಕ್ಕರೆ ಎಂಜೈಮಿನ ಮಡಿಕೇನ ಕಾಪಾಡುತ್ತೆ ಕೂಡ. ಅಂದ್ರೆ ಪಾಕದಲ್ಲಿ ಸ್ಟೆಬಿಲಿಟಿ ಮೇಲೆ, ಆಕ್ಟಿವಿಟಿ ಕೆಳಗೆ, ಬಫರಲ್ಲಿ ಕಂಡಿದ್ದಕ್ಕೆ ಉಲ್ಟಾ. ಜೊತೆಗೆ ಹಿಂಡಿದ ಹಾಲಿನ ಪಿಎಚ್ 5.2, 5.5ರ ಆಸುಪಾಸು, ಸುಣ್ಣ ಹಾಕಿ ತಿಳಿ ಮಾಡಿದ ಮೇಲೆ 7ರ ಹತ್ರ, ಸುಣ್ಣದಿಂದ ಕ್ಯಾಲ್ಸಿಯಂ ಬೇಕಾದಷ್ಟು. ಅಲ್ಲಿಗೆ ಹೋಗೋ ಎಂಜೈಮಿಗೆ ಕಮ್ಮಿ ಕ್ಯಾಲ್ಸಿಯಂನಲ್ಲಿ ಬದುಕೋ ಮ್ಯುಟೇಶನ್ ಹುಡುಕೋದು ಪೂರ್ತಿ ದಂಡ. ಅದೇ ಎಂಜೈಮ್ ಹಿಂಡಿದ ಹಾಲಿಗೇ ಹಾಕೋದಾದ್ರೆ ಬೇಕಾಗೋದು ಕಮ್ಮಿ ಪಿಎಚ್ ತಡೆಯೋ ಗುಣ. ಹಾಕೋ ಜಾಗ ಯಾವುದು ಅಂತ ಕಾರ್ಖಾನೆಯೋರನ್ನ ಕೇಳ್ದೇ ಮ್ಯುಟೆಂಟ್ ಲೈಬ್ರರಿ (ಸಂಗ್ರಹ) ಮಾಡ್ಬೇಡಿ. ನಾವು ಆಮೇಲೆ ಸ್ಕ್ರೀನಿಂಗ್ ಬಫರಿಗೇ ಸುಕ್ರೋಸ್ ಸೇರಿಸಿ, ಅವರು ಹಾಕೋ ಕಡೆಯ ಪಿಎಚ್ ಮತ್ತು ಉಷ್ಣತೆ ಇಟ್ಟು ನೋಡಿದ್ವಿ. ಬಫರಲ್ಲಿ ಮೊದಲನೇ ಸ್ಥಾನದಲ್ಲಿದ್ದ ಮ್ಯುಟೆಂಟ್ ಅಲ್ಲಿ ಮೊದಲನೇದಾಗಿ ಉಳೀಲಿಲ್ಲ, ಮಧ್ಯದಲ್ಲಿದ್ದ ಒಂದು ಮೇಲೆ ಬಂತು.

ಮ್ಯುಟೆಂಟ್ ಗೆದ್ದ ಮೇಲೂ ಒಂದು ಪರೀಕ್ಷೆ ಬಾಕಿ ಇದೆ. ತುಂಬಾ ಗಟ್ಟಿ ಇರೋ ಅಮೈಲೇಸ್ ಎವಾಪೊರೇಟರಲ್ಲೂ ಸಾಯದೇ ಹರಳು ಕಟ್ಟೋ ಪ್ಯಾನ್ ದಾಟಿ ಸಕ್ಕರೆ ಹರಳಿಗೂ ಕಾಕಂಬಿಗೂ ಹೋಗಿಬಿಡುತ್ತೆ, ಆ ಸಕ್ಕರೇನ ಪಿಷ್ಟ ಇರೋ ಸಾಸಿಗೋ ಬೇಕರಿ ಕ್ರೀಮಿಗೋ ಹಾಕಿದ್ರೆ ಅದು ಅಲ್ಲಿ ಕೂತು ನೀರು ನೀರು ಮಾಡುತ್ತೆ. ಹಾಗಾಗಿ ಸಕ್ಕರೆ ಕೆಲಸಕ್ಕೆ ಮಧ್ಯಮ ಬಿಸಿ ತಡೆಯೋ ಎಂಜೈಮೇ ಒಳ್ಳೇದು ಅಂತ ಬಹಳ ಜನ ಹೇಳ್ತಾರೆ, ನನ್ನ ಅಭಿಪ್ರಾಯಾನೂ ಅದೇ. ನಿಮ್ಮ ಮ್ಯುಟೆಂಟ್ ಹಾಕಿ ತಯಾರಾದ ಸಕ್ಕರೇನ ನೀರಲ್ಲಿ ಕರಗಿಸಿ, ಬಣ್ಣ ಕಟ್ಟಿದ ಪಿಷ್ಟ ಹಾಕಿ, 60 ಡಿಗ್ರೀಲಿ ಒಂದು ರಾತ್ರಿ ಬಿಡಿ, ಪಕ್ಕದಲ್ಲಿ ಎಂಜೈಮ್ ಹಾಕದೇ ಮಾಡಿದ ಸಕ್ಕರೆ ಇಡಿ. ಬಣ್ಣ ಬಿಟ್ರೆ ಆ ಮ್ಯುಟೆಂಟನ್ನ ಸಕ್ಕರೆಗೆ ಕೊಡ್ಬೇಡಿ, ಬಟ್ಟೆ ಗಂಜಿ ತೆಗೆಯೋರಿಗೆ ಕೊಡಿ, ಅವರಿಗೆ ಬೇಕಾಗಿರೋದು ಅಂಥದ್ದೇ.